ನಾನು ಕಣಕ್ಕ

ಆವತ್ತಿನ ಬೆಳಗೂ ಉಳಿದ ಬೆಳಗುಗಳ ಹಾಗೆಯೇ ಶುರುವಾಯಿತು. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ಫಿಲ್ಟರಿನ ತಲೆಯ ಮೇಲೆ ಎರಡು ಸಲ ಮೊಟಕಿ ಡಿಕಾಕ್ಷನ್ ಇಳಿಸಿದೆ. ಇವರು ಒಂದು ಲೋಟ ಕಾಫಿ ಕುಡಿದು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡು, ಅದನ್ನು ಮುಟ್ಟದೆ ಹಾಗೇ ಬಿಟ್ಟು ಅಂಗಡಿಗೆ ಹೊರಟರು. ಮದುವೆಯಾದಾಗಿನಿಂದ ಆ ಅರ್ಧ ಲೋಟ ನಾನೇ ಕುಡಿಯುತ್ತಿದ್ದೇನೆ. ಆರಿದ ಕಾಫಿಯ ರುಚಿಯೇ ಕಾಫಿಯ ರುಚಿ ಎನ್ನುವ ಹಾಗಾಗಿಬಿಟ್ಟಿದೆ ನನಗೆ. ಆಮೇಲೆ ನಡುಮನೆಯ ಮೂಲೆಯ ಟೆಲಿಫೋನಿನ ಮೇಲೆ ಹಾಕಿದ್ದ ಕ್ರೋಷಾ ಹೊದಿಕೆಯನ್ನು ತೆಗೆದು ಕೊಡವಿ, ಫೋನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಹೊದಿಸಿದೆ. ಆ ಫೋನು ವಾರಕ್ಕೊಂದು ಸಲ ಹೊಡೆದುಕೊಂಡರೆ ಹೆಚ್ಚು. ಆದರೂ ಒರೆಸುವುದು ಬಿಟ್ಟಿಲ್ಲ. ಮಾತು ನಿಂತುಹೋದ ನೆಂಟರ ಮನೆಗೂ ಮದುವೆ ಕಾಗದ ಕಳಿಸುತ್ತೇವಲ್ಲ, ಹಾಗೆ.

ಹತ್ತು ಗಂಟೆಗೆ ಲಕ್ಕಮ್ಮ ಬಂದು ಬಾಗಿಲಲ್ಲಿ ನಿಲ್ಲದಿದ್ದರೆ ಆ ದಿನವೂ ಮರೆತೇ ಹೋಗುತ್ತಿತ್ತು.

ಲಕ್ಕಮ್ಮ ಯಾರೆಂದು ಹೇಳುವುದಕ್ಕೆ ಮೊದಲು ಫೋನಿನ ವಿಷಯ ಹೇಳಬೇಕು. ಹಾಸನದ ಮಾರುಕಟ್ಟೆಯ ಬಳಿ ನಮ್ಮದೊಂದು ಅಂಗಡಿ. ಬಿತ್ತನೆ ಆಲೂಗೆಡ್ಡೆ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿ. ಮನೆ ಅಲ್ಲಿಂದ ಕೂಗಳತೆ ದೂರ. ತೊಂಬತ್ತರ ದಶಕದ ಶುರುವಿನಲ್ಲಿ ಅಂಗಡಿಗೆ ಫೋನು ಬಂದಾಗ ಅದಕ್ಕೇ ಇನ್ನೊಂದು ತಂತಿ ಎಳೆಸಿ ಮನೆಗೂ ಕೊಡಿಸಿದರು. ಅಲ್ಲಿ ಹೊಡೆದುಕೊಂಡರೆ ಇಲ್ಲೂ ಹೊಡೆದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಇವರು ಮೂಟೆ ಇಳಿಸಿಕೊಳ್ಳುವುದರಲ್ಲೋ ಗಿರಾಕಿಯ ಜೊತೆ ವಾದ ಮಾಡುವುದರಲ್ಲೋ ಇರುತ್ತಿದ್ದರು. ಹಾಗಾಗಿ ನಾಲ್ಕನೆಯ ರಿಂಗಿಗೆ ಮನೆಯಲ್ಲಿ ನಾನೇ ಎತ್ತುವುದು ರೂಢಿಯಾಯಿತು. ಯಾರೂ ನೇಮಿಸಿದ ಕೆಲಸವಲ್ಲ ಅದು. ಸಾರಿಗೆ ಒಗ್ಗರಣೆ ಹಾಕು ಎಂದು ಯಾರಾದರೂ ನೇಮಿಸುತ್ತಾರೆಯೇ?

ನನಗೋ ಫೋನೆಂದರೆ ಮೊದಲಿನಿಂದಲೂ ಬೆರಗು. ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ನಮ್ಮ ಬೀದಿಗೆಲ್ಲ ಒಂದೇ ಫೋನು, ಡಾಕ್ಟರ ಮನೆಯಲ್ಲಿ. ಅದರ ಡಯಲ್ಲಿನ ತೂತಿಗೆ ಒಂದು ಪುಟಾಣಿ ಬೀಗ. ಅಷ್ಟು ಚಿಕ್ಕ ಬೀಗವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಅದರ ಬೀಗದ ಕೈ ಡಾಕ್ಟರ ಹೆಂಡತಿಯ ತಾಳಿಯ ಸರದಲ್ಲಿ ಪಿನ್ನಿನ ಜೊತೆ ತೂಗುತ್ತಿತ್ತು. ಮೈಸೂರಿನಿಂದ ನಮ್ಮ ಸೋದರಮಾವ ಫೋನು ಮಾಡಿದರೆ ಆಕೆ ಕಿಟಕಿಯಿಂದ ಕೂಗುವರು. ಅಮ್ಮ ಸೆರಗು ಸರಿಮಾಡಿಕೊಂಡು, ಹಣೆಯ ಕುಂಕುಮ ನೋಡಿಕೊಂಡು ಓಡುವಳು. ಫೋನಿನಲ್ಲಿ ಕುಂಕುಮ ಕಾಣುತ್ತದೆಯೇ ಎಂದು ನಾನು ನಗುತ್ತಿದ್ದೆ. ಮುಂದೆ ನಾನೇ ಏನು ಮಾಡಿದೆ ಎಂಬುದನ್ನು ಹೇಳುತ್ತೇನೆ, ನೀವೂ ನಗಬಹುದು.

ಓದಿಗೆಂದು ನನ್ನನ್ನು ಹಾಸನದಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಮಾತು ಕಲಿಸಲು ಒಬ್ಬರು ಸಿಸ್ಟರ್ ಇದ್ದರು. ಬಾಯಿಯ ಮುಂದೆ ಉರಿಯುವ ಮೇಣದ ಬತ್ತಿ ಹಿಡಿದು ಅಕ್ಷರ ಹೇಳಿಸುತ್ತಿದ್ದರು. ಒಂದು ಅಕ್ಷರಕ್ಕೆ ಜ್ವಾಲೆ ಅಲುಗಬೇಕು, ಇನ್ನೊಂದಕ್ಕೆ ಅಲುಗಬಾರದು. ನನ್ನ ಮುಂಗೂದಲು ಒಂದು ಸಲ ಚುರ್ ಎಂದು ಸುಟ್ಟಿತ್ತು. ವಾರಕ್ಕೊಂದು ದಿನ ಮರದ ಡಸ್ಟರನ್ನು ಕಿವಿಗಿಟ್ಟುಕೊಂಡು ಟೆಲಿಫೋನಿನಲ್ಲಿ ಮಾತಾಡುವ ಅಭ್ಯಾಸ. "ಕೇಳುವವರಿಗೆ ನಿನ್ನ ಮುಖ ಕಾಣುವುದಿಲ್ಲ. ಆದ್ದರಿಂದ ಮುಖವನ್ನು ದನಿಯಲ್ಲಿಡು" ಎನ್ನುತ್ತಿದ್ದರು. ಮೂಗಿಗೆಲ್ಲ ಸೀಮೆಸುಣ್ಣದ ಪುಡಿ ಹತ್ತಿಸಿಕೊಂಡು ಮುಖವನ್ನು ದನಿಯಲ್ಲಿಡಲು ಹೆಣಗುತ್ತಿದ್ದೆವು.

ಹಾಗೆ ಕಲಿತ ದನಿಯನ್ನು ನಾನು ಮೊದಲ ಸಲ ಬಳಸಿದ್ದು ಅರಕಲಗೂಡು ಕಡೆಯ ಒಬ್ಬ ರೈತರ ಮೇಲೆ. ಫೋನು ಹೊಡೆದುಕೊಂಡಿತು. ಎತ್ತಿ, "ನಮಸ್ಕಾರ, ತಾವು ಯಾರು ಮಾತಾಡುತ್ತಿರುವುದು ಎಂದು ತಿಳಿಯಬಹುದೇ?" ಎಂದೆ. ಆ ಕಡೆಯವರು, "ಏ, ಇದು ಆಕಾಶವಾಣಿಗೆ ಓಯ್ತು ಕಣ್ಲಾ" ಎಂದು ಯಾರಿಗೋ ಹೇಳಿ ಇಟ್ಟುಬಿಟ್ಟರು.

ನಮ್ಮ ಕಡೆಯವರು ಫೋನಿನಲ್ಲಿ ಹೆಸರು ಹೇಳುವುದಿಲ್ಲ. "ನಾನು ಕಣಕ್ಕ" ಎನ್ನುತ್ತಾರೆ. ಅಷ್ಟೇ. ಯಾರು ನೀವು ಎಂದು ಕೇಳಿದರೆ ಬೇಜಾರು. "ನಾನು ಕಣಕ್ಕ, ಗೊತ್ತಾಗ್ಲಿಲ್ವಾ?" ಎಂದು ಇನ್ನೊಂದು ಸಲ ಅದನ್ನೇ ಸ್ವಲ್ಪ ಜೋರಾಗಿ ಹೇಳುತ್ತಾರೆ. ಹೆಸರು ಹೇಳಿಕೊಳ್ಳಬೇಕಾದ್ದು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸರೆದುರಿಗೆ. ಗುರುತಿನವರ ಹತ್ತಿರ ಹೆಸರು ಹೇಳಿದರೆ ಅದು ದೂರ ಮಾಡಿದ ಹಾಗೆ. ಒಂದೆರಡು ಹಂಗಾಮು ಕಳೆಯುವುದರೊಳಗೆ ನನಗೆ ಎಲ್ಲ ನಾನುಗಳೂ ಗೊತ್ತಾದವು. ಕೆಮ್ಮಿ ಶುರುಮಾಡುವ ನಾನು ಹಳೇಕೋಟೆಯವರು. ಹಿಂದೆ ಕೋಳಿ ಕೂಗುವ ನಾನು ಕೋಳಿ ಸಾಕುವವರು. ಮಾತಿಗೆ ಮುಂಚೆ ಎಲೆಅಡಿಕೆ ಉಗಿಯುವ ನಾನು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದವರು. ಅವರ ಮುಖ ಒಂದೂ ನೋಡಿದವಳಲ್ಲ ನಾನು. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಬರೆದು ಅಂಗಡಿಗೆ ಕಳಿಸುತ್ತಿದ್ದೆ. ಇಂಥವರಿಗೆ ಇಷ್ಟು ಮೂಟೆ ತೆಗೆದಿಡಿ. ಮೂಟೆಯ ಮೇಲೆ ಸುಣ್ಣದ ಗುರುತು ಬೀಳುತ್ತಿತ್ತು. ಅವರು ಬಂದು ಒಯ್ಯುತ್ತಿದ್ದರು. ಮುಂಗಡವಿಲ್ಲ, ಚೀಟಿಯಿಲ್ಲ. "ಅಕ್ಕ ಅಂದ್ರಲ್ಲ, ಮುಗೀತು" ಎನ್ನುವುದೇ ರಸೀದಿ.

ಅವರಲ್ಲಿ ಲಕ್ಕಮ್ಮ ಒಬ್ಬರು. ಅರಕಲಗೂಡಿನಿಂದ ಒಳಗೆ ಎರಡು ಮೈಲಿಯ ಊರು. ಅರ್ಧ ಎಕರೆಗೆ ಆಲೂಗೆಡ್ಡೆ ಹಾಕುತ್ತಿದ್ದರು. ವರ್ಷಕ್ಕೊಂದು ಸಲ, ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ರೂಪಾಯಿ ಬೂತಿನಿಂದ ಫೋನು.

"ನಾನು ಕಣಕ್ಕ."

"ಹೇಳಿ ಲಕ್ಕಮ್ಮ."

"ಅದೇ ಮಾಮೂಲಿದು ಮಡಗ್ಸು. ಮಳೆ ಉಯ್ದ್ ಮ್ಯಾಲೆ ಬತ್ತೀನಿ. ಮಕ್ಳು ಚೆನ್ನಾಗವ್ರಾ? ನಿನ್ ಮಂಡಿನೋವು?"

ಮಾಮೂಲಿ ಎಂದರೆ ಆರು ಮೂಟೆ. ಒಂದು ನಿಮಿಷದ ಕೊನೆಗೆ ಬೂತು ಎಚ್ಚರಿಸುವಷ್ಟರಲ್ಲಿ ನನ್ನ ಮಂಡಿ, ಅವರ ಎಮ್ಮೆ, ಎರಡೂ ಆಗಿರುತ್ತಿದ್ದವು. ನನ್ನ ಮಂಡಿನೋವನ್ನು ನೆನಪಿಟ್ಟು ವಿಚಾರಿಸುತ್ತಿದ್ದವರು ಪ್ರಪಂಚದಲ್ಲಿ ಅವರೊಬ್ಬರೇ. ಮನೆಯಲ್ಲಿ ಅದು ಕುರ್ಚಿ ಕಿರುಗುಟ್ಟಿದ ಹಾಗೆ ಎಲ್ಲರಿಗೂ ಅಭ್ಯಾಸವಾಗಿತ್ತು.

ಹೀಗೆ ನಡೆಯುತ್ತಿರುವಾಗ ಎರಡು ಸಾವಿರದ ದಶಕದ ಕೊನೆಯಲ್ಲಿ ಊರಿಗೆ ಬ್ರಾಡ್‌ಬ್ಯಾಂಡು ಬಂತು, ನಮ್ಮ ಅಂಗಡಿಗೆ ಮೈದುನ ರಘು ಬಂದ. ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಅಂಗಡಿ, ಹೊಳೆನರಸೀಪುರದಲ್ಲಿ ಗೋಡೌನು ಆಗಿದ್ದವು. ರಘು ಒಂದು ಡಬ್ಬ ತಂದ. ನನ್ನ ಸಾಸಿವೆ ಡಬ್ಬಿಯಷ್ಟೇ ದೊಡ್ಡದು, ಮುಂದುಗಡೆ ಹಸಿರು ದೀಪಗಳು. ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನಂತೆ. ಮೂರೂ ಕಡೆಗೆ ಒಂದೇ ನಂಬರು. ಕರೆ ಬಂದರೆ ಡಬ್ಬವೇ ಎತ್ತುತ್ತದೆ, ಡಬ್ಬವೇ ಮಾತಾಡಿಸುತ್ತದೆ, ಯಾರಿಗೆ ಬೇಕೋ ಅವರಿಗೆ ಕೊಡುತ್ತದೆ. ಯಾರೂ ಸಿಗದಿದ್ದರೆ ಹೇಳಿದ್ದನ್ನು ಹಿಡಿದಿಟ್ಟು ಕಂಪ್ಯೂಟರಿಗೆ ಹಾಕುತ್ತದೆ.

"ಇನ್ಮೇಲೆ ನಿಮಗೆ ಈ ಕಾಟ ಇಲ್ಲ ಅತ್ತಿಗೆ. ಆರಾಮಾಗಿರಿ" ಎಂದ ರಘು, ಮನೆಗೆ ಬರುತ್ತಿದ್ದ ತಂತಿಯನ್ನು ಸುತ್ತಿಡುತ್ತಾ. ಕಾಟ ಎಂದು ನಾನು ಯಾವತ್ತು ಹೇಳಿದ್ದೆ? ಆದರೆ ಆ ಮಾತು ಹೇಳುವ ಮೊದಲೇ ಅವನು ಇನ್ನೊಂದು ಮಾತು ಹೇಳಿಬಿಟ್ಟ. "ನಿಮ್ಮ ದನಿ ಮಾತ್ರ ಬೇಕು. ಬೆಂಗಳೂರಿನವರೂ ಇಷ್ಟು ಚೆನ್ನಾಗಿ ಮಾತಾಡಲ್ಲ."

ಉಬ್ಬಿಹೋದೆ. ಮುಚ್ಚಿಟ್ಟು ಏನು ಪ್ರಯೋಜನ? ಮಾರನೆಯ ದಿನ ದನಿ ಕೊಡುವುದಕ್ಕೆಂದು ತಲೆ ಬಾಚಿ, ಜರಿಯಂಚಿನ ಸೀರೆ ಉಟ್ಟು, ಕನ್ನಡಿಯ ಮುಂದೆ ಕುಂಕುಮ ತಿದ್ದಿಕೊಂಡೆ. ಡಾಕ್ಟರ ಮನೆಗೆ ಓಡುತ್ತಿದ್ದ ಅಮ್ಮನನ್ನು ನೋಡಿ ನಕ್ಕಿದ್ದ ಹುಡುಗಿಯೇ ನಾನು. ಮಲಗುವ ಕೋಣೆಯ ಕಿಟಕಿ ಮುಚ್ಚಿ ರೆಕಾರ್ಡು ಮಾಡಿದೆವು. ಮೊದಲನೆಯದರಲ್ಲಿ ಕುಕ್ಕರು ಕೂಗಿತು. ಎರಡನೆಯದರಲ್ಲಿ ಸೊಪ್ಪಿನವಳು. ಮೂರನೆಯದರಲ್ಲಿ ನನಗೇ ಸೀನು ಬಂತು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಹಾಸನಕ್ಕೆ ಒಂದನ್ನು ಒತ್ತಿ, ಚನ್ನರಾಯಪಟ್ಟಣಕ್ಕೆ ಎರಡನ್ನು ಒತ್ತಿ, ಗೋಡೌನಿಗೆ ಮೂರನ್ನು ಒತ್ತಿ. ಯಾರೂ ಸಿಗದಿದ್ದರೆ ಬೀಪ್ ಎಂದ ಮೇಲೆ ಹೆಸರು, ಊರು ಹೇಳಿ. ಕೊನೆಯ ಸಾಲು, "ನಿಮಗೆ ಬೇಕಾದ್ದನ್ನು ಹೇಳಿ, ನಾವು ಗಮನಿಸುತ್ತೇವೆ." ರಘು ಬರೆದುಕೊಟ್ಟಿದ್ದು ಅಷ್ಟೇ. ನನಗೆ ಅದು ಬೋಳು ಬೋಳು ಅನ್ನಿಸಿತು. "ನಾವು ತಪ್ಪದೆ ಗಮನಿಸುತ್ತೇವೆ" ಎಂದೆ. "ಸೂಪರ್ ಅತ್ತಿಗೆ" ಎಂದ. ಆ ತಪ್ಪದೆ ನನ್ನದು. ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದ್ದು.

ಸಂಜೆ ನಾನೇ ಅಂಗಡಿಗೆ ಫೋನು ಮಾಡಿ ನನ್ನ ದನಿಯನ್ನು ಎರಡು ಸಲ ಕೇಳಿ ಇಟ್ಟೆ.

ಮನೆಗೆ ಬೇರೆ ಫೋನು, ಬೇರೆ ನಂಬರು ಬಂತು. ಅದು ಯಾವ ರೈತರಿಗೂ ಗೊತ್ತಿರಲಿಲ್ಲ. ಮೊದಲ ವಾರ ನಾಲ್ಕನೆಯ ರಿಂಗಿಗಾಗಿ ಕಾಯುತ್ತ ಕೈಯಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದೆ. ಆಮೇಲೆ ಕೈಗೆ ಗೊತ್ತಾಯಿತು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ರಘು ನಗುತ್ತ ಹೇಳಿದ. "ಅಣ್ಣ, ಮೆಸೇಜಿಗೆ ಹೆಸರು, ಊರು ಹೇಳಿ ಅಂದ್ರೆ ಒಬ್ರೂ ಹೇಳಲ್ಲ. ಎಲ್ರೂ ನಾನು ಕಣಕ್ಕ, ನಾನು ಕಣಕ್ಕ. ಕಂಪ್ಯೂಟರ್ ತುಂಬ ಬರೀ ನಾನೇ. ಯಾರಿಗೆ ಅಂತ ಮಡಗೋದು? ಎಲ್ಲ ಅಳಿಸಿ ಹಾಕ್ದೆ."

ಇವರೂ ನಕ್ಕರು. ನಾನು ಹುಳಿ ಬಡಿಸುತ್ತಿದ್ದೆ, ನಾನೂ ನಕ್ಕೆ. ನನಗೊಂದು ಸಲ ಕೇಳಿಸಿ, ಯಾರು ಯಾರೆಂದು ಹೇಳುತ್ತೇನೆ ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಬೇಕಾದರೆ ಅವರೇ ಕೇಳಲಿ ಎಂದುಕೊಂಡೆ. ತಂತಿ ಸುತ್ತಿಟ್ಟ ದಿನದ ಬಿಗುಮಾನ ಇನ್ನೂ ಇತ್ತು. ಸೌಟಿನ ತುದಿಯಿಂದ ಹುಳಿ ತೊಟ್ಟಿಕ್ಕಿ ರಘುವಿನ ಎಲೆಯ ಪಕ್ಕ ಬಿತ್ತು, ಅದನ್ನು ಸೆರಗಿನಲ್ಲಿ ಒರೆಸಿದೆ. ನಾನು ಆ ದಿನ ಮಾಡಿದ್ದು ಅಷ್ಟು.

ಈಗ ಆ ಬೆಳಗಿಗೆ ಬರುತ್ತೇನೆ. ಜೂನ್ ಮೊದಲ ವಾರ, ಎರಡು ಹದ ಮಳೆ ಬಿದ್ದಿತ್ತು. ಹತ್ತು ಗಂಟೆಗೆ ಗೇಟಿನ ಶಬ್ದವಾಯಿತು. ನೋಡಿದರೆ ಗುರುತಿಲ್ಲದ ಒಬ್ಬ ಹೆಂಗಸು. ಕುಳ್ಳಗೆ, ಕಪ್ಪಗೆ, ನನಗಿಂತ ಹತ್ತು ವರ್ಷ ಹಿರಿಯರು. ಒಂದು ಕಿವಿಯಲ್ಲಿ ಓಲೆ, ಇನ್ನೊಂದರಲ್ಲಿ ಕಡ್ಡಿ. ಕಾಲಿಗೆ ಹೊಸ ಹವಾಯಿ ಚಪ್ಪಲಿ, ಅದರ ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಹಾಸನಕ್ಕೆಂದು ಹಾಕಿಕೊಂಡು ಬಂದಿದ್ದು.

"ನಾನು ಕಣಕ್ಕ" ಎಂದರು.

ಇಷ್ಟು ವರ್ಷಗಳಾದ ಮೇಲೆ ಆ ದನಿಗೊಂದು ಮುಖ ಬಂದು ನಿಂತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈ ಹಿಡಿದುಕೊಂಡೆ. "ಲಕ್ಕಮ್ಮ, ಬನ್ನಿ, ಒಳಗೆ ಬನ್ನಿ." ಅವರು ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಆದರೆ ಆ ಕೈಯಲ್ಲಿ ಹಿಡಿತವಿರಲಿಲ್ಲ.

"ಅಂಗಡಿತಾಕೆ ಓಗಿದ್ದೆ. ಮೂಟೆ ಎಲ್ಲ ಕಾಲಿ, ನಿಮ್ ಎಸ್ರಿಗೆ ಏನೂ ಮಡಗಿಲ್ಲ ಅಂದ ನಿನ್ ಮೈದ್ನ. ಮನೆ ಎಲ್ಲಿ ಅಂತ ಹಮಾಲಿಗಳ್ನ ಕೇಳ್ಕಂಡು ಬಂದೆ." ಹೊಸಿಲಿನ ಆಚೆಯೇ ನಿಂತು ಕೇಳಿದರು, "ಯಾಕಕ್ಕ ಇಂಗ್ ಮಾಡ್ದೆ?"

"ನಾನೇನು ಮಾಡಿದೆ ಲಕ್ಕಮ್ಮ?"

"ಮೂರ್ ಸಲ ಪೋನ್ ಮಾಡ್ದೆ. ಮೂರ್ ಸಲವೂ ನೀನೇ ಎತ್ತಿದೆ. ನಾನು ಕಣಕ್ಕ ಅಂದ್ರೆ ಇಂಗ್ಲೀಸ್ನಲ್ಲಿ ಸುರು ಮಾಡ್ಕಂಡೆ. ಅರ್ಧ ರೂಪಾಯಿ ನಿನ್ ಇಂಗ್ಲೀಸ್ಗೇ ಓಯ್ತು. ಮಂಡಿ ಎಂಗದೆ ಅಂದೆ, ಅದಕ್ಕೂ ಮಾತಿಲ್ಲ. ಒಂದ್ ಒತ್ತು ಎಲ್ಡ್ ಒತ್ತು ಅಂತೀಯ. ಮನೇಲಿ ಏನೋ ಬ್ಯಾಸ್ರ, ಇಲ್ಲಾ ದೊಡ್ಡೋರಾಗ್ಬುಟ್ರು ಅಂದ್ಕಂಡೆ. ಓಗ್ಲಿ, ಕೊನೇಗೆ ತಪ್ಪದೆ ನೋಡ್ಕತೀವಿ ಅಂದ್ಯಲ್ಲ. ಅಷ್ಟ್ ಸಾಕು ಅಂತ ಸುಮ್ನಾದೆ. ಗೊಬ್ರ ಹೊಡ್ಸಿ, ಸಾಲು ತೆಗ್ಸಿ, ನಾಳೀಕೆ ಆಳು ಕರ್ದಿದೀನಿ."

ಅದು ನಾನಲ್ಲ, ಮಿಷಿನ್ನು ಎಂದೆ. ಮೊದಲೇ ರೆಕಾರ್ಡು ಮಾಡಿಟ್ಟಿರುತ್ತಾರೆ, ಯಾರು ಫೋನು ಮಾಡಿದರೂ ಅದೇ ಮಾತು ಬರುತ್ತದೆ, ನೀವು ಹೇಳಿದ್ದು ನನಗೆ ಕೇಳಿಸಲೇ ಇಲ್ಲ ಎಂದೆ. ಸಿಸ್ಟರ್ ಕಲಿಸಿದ ಅಷ್ಟೂ ನಯದಿಂದ ಹೇಳಿದೆ. ಲಕ್ಕಮ್ಮ ತಲೆ ವಾರೆ ಮಾಡಿಕೊಂಡು ಕೇಳಿದರು.

"ಮಿಷಿನ್ಗೆ ನಿನ್ ದನಿ ಎಲ್ಲಿಂದ ಬಂತಕ್ಕ? ಕದ್ಕಂಡು ಓದ್ರಾ?"

"ಇಲ್ಲ. ನಾನೇ ಕೊಟ್ಟೆ."

"ಅಂಗಂದ್ರೆ ನೀನೇ ಯೋಳ್ದಂಗಾಯ್ತಲ್ಲ."

ಇರಿ, ಈಗಲೇ ಇವರನ್ನು ಕೇಳುತ್ತೇನೆ, ಹೊಳೆನರಸೀಪುರದ ಗೋಡೌನಿನಲ್ಲಿ ಏನಾದರೂ ಉಳಿದಿರಬಹುದು ಎಂದು ಕ್ರೋಷಾ ಹೊದಿಕೆ ಸರಿಸಿ ಅಂಗಡಿಯ ನಂಬರು ಒತ್ತಿದೆ. ಡಬ್ಬ ಎತ್ತಿತು. ನನ್ನ ದನಿ ನನಗೆ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿತು. ಒಂದನ್ನು ಒತ್ತಿದೆ. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿ ಮೂರನ್ನು ಒತ್ತಿದೆ. ಅಲ್ಲೂ ಅಷ್ಟೇ. ಇವರ ಮೊಬೈಲು ಆಫಾಗಿತ್ತು. ಮತ್ತೆ ಅಂಗಡಿಗೆ. ಸಣ್ಣ ಮನೆ, ಮೆಲುದನಿಯೂ ಹೊರಗೆ ಕೇಳುತ್ತದೆ. ಹೊಸಿಲಿನಲ್ಲಿ ನಿಂತ ಲಕ್ಕಮ್ಮ ಒಮ್ಮೆ ನನ್ನ ಮುಚ್ಚಿದ ಬಾಯಿಯನ್ನು, ಒಮ್ಮೆ ರಿಸೀವರನ್ನು ನೋಡುತ್ತಿದ್ದರು. "ನಿಮಗೆ ಬೇಕಾದ್ದನ್ನು ಹೇಳಿ, ನಾವು ತಪ್ಪದೆ ಗಮನಿಸುತ್ತೇವೆ" ಎಂದೆ ನಾನು ನನಗೆ. ಬೀಪ್ ಎಂದಿತು.

"ರೀ, ನಾನು. ಮನೇಗೆ ಲಕ್ಕಮ್ಮ ಬಂದಿದ್ದಾರೆ. ಬೇಗ ಫೋನ್ ಮಾಡಿ" ಎಂದು ಹೇಳಿ ಇಟ್ಟೆ.

"ನಿಂಗೂ ಅಂಗೇ ಅಂತದಾ?" ಎಂದರು ಲಕ್ಕಮ್ಮ. ಅವರ ದನಿಯಲ್ಲಿ ಸಿಟ್ಟು ಇಳಿದಿತ್ತು. ಅದಕ್ಕಿಂತ ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು. ಅಯ್ಯೋ ಪಾಪ ಎನ್ನುವಂತಿತ್ತು ಅದು.

ಅಂಗಡಿಗೇ ಹೋಗೋಣ ಬನ್ನಿ ಎಂದರೆ, ಇನ್ನೊಂದು ಸಲ ಅಲ್ಲಿ ಹೋಗಿ ಇಲ್ಲ ಅನ್ನಿಸಿಕೊಳ್ಳಲು ಲಕ್ಕಮ್ಮ ಒಪ್ಪಲಿಲ್ಲ. ಅರ್ಧ ಗಂಟೆ ಕಾದೆವು. ಕಾಫಿ ಬೇಡ ಅಂದರು, ನೀರು ಕುಡಿದರು. ಕುರ್ಚಿ ಬೇಡವೆಂದು ಮೆಟ್ಟಿಲ ಮೇಲೆ ಕೂತರು. ಚಪ್ಪಲಿ ಬೆರಳ ಸಂದಿಗೆ ಕಚ್ಚಿದ್ದ ಜಾಗವನ್ನು ತಿಕ್ಕಿಕೊಂಡರು. ಫೋನು ಹೊಡೆದುಕೊಳ್ಳಲಿಲ್ಲ. ಲೋಟವನ್ನು ಬೋರಲು ಹಾಕಿ ಎದ್ದರು.

"ಬುಡಕ್ಕ, ಬಸ್ಸಿಗೆ ಒತ್ತಾಯ್ತದೆ. ಜೋಳ ಹಾಕ್ಕತೀನಿ. ಸಾಲು ತೆಗ್ದಿರೋದು ಅದಕ್ಕೂ ಆಯ್ತದೆ." ಗೇಟಿನ ಹತ್ತಿರ ತಿರುಗಿ ಹೇಳಿದರು, "ಬರೋ ವರ್ಸಕ್ಕೆ ಅರಕಲಗೂಡಲ್ಲೇ ಯಾರ್ನಾರ ನೋಡ್ಕತೀನಿ. ಕಣ್ ಮುಂದೆ ಇರೋರಾದ್ರೆ ಇಲ್ಲ ಅಂದ್ರೆ ಇಲ್ಲ, ಐತೆ ಅಂದ್ರೆ ಐತೆ." ಮಂಡಿ ಹೇಗಿದೆ ಎಂದು ಕೇಳಲಿಲ್ಲ.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಎಲ್ಲವನ್ನೂ ಹೇಳಿದೆ. ಗೋಡೌನು ನಾಲ್ಕು ದಿನದ ಹಿಂದೆಯೇ ಖಾಲಿಯಂತೆ. "ನಾನು ಮೆಸೇಜ್ ಬಿಟ್ಟಿದ್ದೆನಲ್ಲ?" ಎಂದೆ. ನೀನಾ, ಯಾವಾಗ ಎಂದರು. "ರಘು ನೋಡಿರ್ತಾನೆ. ಹೆಸರು ಹೇಳಿದ್ದೆಯಾ?"

ಗಂಡನಿಗೆ ಯಾವ ಹೆಂಡತಿ ಹೆಸರು ಹೇಳಿಕೊಂಡಾಳು?

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಇವರ ಹತ್ತಿರ ಏನನ್ನೂ ಹಟ ಹಿಡಿದು ಕೇಳಿದವಳಲ್ಲ. ಆ ದಿನ ಕೇಳಿದೆ. "ಆ ಡಬ್ಬದಿಂದ ನನ್ನ ದನಿ ತೆಗೆಸಿಬಿಡಿ. ಬೇರೆ ಯಾರದಾದರೂ ಹಾಕಿಕೊಳ್ಳಿ. ಗೊತ್ತಿಲ್ಲದ ದನಿಯಾದರೆ ಯಾರೂ ನಂಬುವುದಿಲ್ಲ, ಮೋಸವೂ ಹೋಗುವುದಿಲ್ಲ."

ಇವರು ಮಜ್ಜಿಗೆ ಅನ್ನ ಕಲೆಸುತ್ತಿದ್ದರು. ಆರು ಮೂಟೆಗೆ ಇಷ್ಟೊಂದಾ ಎಂದು ಅನ್ನಲಿಲ್ಲ, ಆ ಮಟ್ಟಿಗೆ ಒಳ್ಳೆಯವರು. "ಆಯ್ತು ಕಣೇ. ರಘುಗೆ ಹೇಳ್ತೀನಿ. ಈಗ ಹೋದ ತಕ್ಷಣ ತೆಗೆಸ್ತೀನಿ" ಎಂದರು. ನನಗೆ ಕಣ್ಣು ತುಂಬಿತು. ಉಪ್ಪಿನಕಾಯಿ ತರುವ ನೆಪದಲ್ಲಿ ಒಳಗೆ ಹೋಗಿ ಒರೆಸಿಕೊಂಡೆ. ಅಡಿಗೆಮನೆ ತೊಳೆದೆ. ಮಧ್ಯಾಹ್ನವೆಲ್ಲ ಏನೋ ಒಂದು ಹಗುರ. ಲಕ್ಕಮ್ಮನ ಹೊಲಕ್ಕೆ ಗೆಡ್ಡೆ ಕೊಡಿಸಲಾಗಲಿಲ್ಲ, ಇನ್ನೊಬ್ಬರಿಗಾದರೂ ನನ್ನ ಬಾಯಿಂದ ಸುಳ್ಳು ಹೋಗುವುದಿಲ್ಲವಲ್ಲ ಎಂದುಕೊಂಡೆ.

ಸಂಜೆ ದೀಪ ಹಚ್ಚಿ ಕಾಂಪೌಂಡಿನ ಹತ್ತಿರ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದೆ. ಪಕ್ಕದ ಮನೆಯ ವಿಮಲಾ ಗೋಡೆಯ ಆ ಕಡೆ ತಮ್ಮ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದವರು ತಲೆಯೆತ್ತಿದರು.

"ಗುಲಾಬಿಗೆ ಹುಳ ಬಿದ್ದಿದೆ ಕಣ್ರೀ. ಔಷಧಿ ಇದೆಯಾ ಅಂತ ಈಗ ಐದು ನಿಮಿಷದ ಹಿಂದೆ ನಿಮ್ಮ ಅಂಗಡಿಗೆ ಫೋನ್ ಮಾಡಿದ್ದೆ. ನಿಮ್ಮ ದನೀನೇ ಬಂತು. ಆಮೇಲೆ ಯಾರೂ ಎತ್ತಲಿಲ್ಲ ಬಿಡಿ. ಆದ್ರೂ ಒಂಚೂರೂ ಬೇಜಾರಾಗಲಿಲ್ಲ ನೋಡಿ. ಎಷ್ಟು ನಯವಾಗಿ ಹೇಳ್ತೀರಿ ನೀವು, ಇಲ್ಲ ಅನ್ನಿಸಿಕೊಂಡಿದ್ದೇ ಗೊತ್ತಾಗಲ್ಲ."